ಮೊದಲ ಪುಟದ ಹೆಸರು

ಬ್ಯಾಂಗರ್ ಊರಿನ ಪಬ್ಬಿನಲ್ಲಿ ನಮ್ಮ ಬ್ಯಾಂಡಿನ ಮೊದಲ ಕಾರ್ಯಕ್ರಮ ಕೇಳಿದವರು ಇಬ್ಬರೇ: ಪಬ್ಬಿನ ಒಡತಿ ಮತ್ತು ಅವಳ ನಾಯಿ. ಮುಂದಿನ ಕಾರ್ಯಕ್ರಮಗಳಿಗೆ ಕರೆಯಲು ಕೇಳುಗರ ಹೆಸರು, ವಿಳಾಸ ಬರೆಸಿಕೊಳ್ಳಲೆಂದು ಇಟ್ಟಿದ್ದ ನೋಟ್‌ಬುಕ್ ಖಾಲಿಯೇ ಉಳಿಯಿತು.

"ನೀನೇ ಬರಿಯೇ. ಮೊದಲ್ನೇ ಪುಟ ಖಾಲಿ ಇದ್ರೆ ಯಾರೂ ಪೆನ್ನು ಮುಟ್ಟಲ್ಲ," ಎಂದ ಹಾಡುಗಾರ ಎಮ್ರಿಸ್.

"ನಾಯಿ ಹೆಸರೂ ಬರೀಲೇನೋ?" ಎಂದು ನಕ್ಕು ನನ್ನ ಹೆಸರು, ವಿಳಾಸ ಬರೆದೆ.

ಆರು ವರ್ಷ ಡ್ರಮ್ಸ್ ಬಾರಿಸಿದೆ, ವ್ಯಾನ್ ಓಡಿಸಿದೆ, ಊರೂರಿನ ಪಬ್ಬುಗಳಿಗೆ ಫೋನ್ ಮಾಡಿ ಗೋಗರೆದು ಕಾರ್ಯಕ್ರಮ ಗಿಟ್ಟಿಸಿದೆ. ಹಾಡು ಮುಗಿದ ಕೂಡಲೇ ಬೆವರನ್ನೂ ಒರೆಸಿಕೊಳ್ಳದೆ ಬಾಗಿಲಲ್ಲಿ ನೋಟ್‌ಬುಕ್ ಹಿಡಿದು ನಿಲ್ಲುತ್ತಿದ್ದವಳೂ ನಾನೇ. ಹೆಸರುಗಳು ನಾಲ್ಕು ಸಾವಿರ ದಾಟಿದ ಮೇಲೆ ಎಮ್ರಿಸನಿಗೆ ಜ್ಞಾನೋದಯವಾಯಿತು.

"ಬೇಜಾರ್ ಮಾಡ್ಕೋಬೇಡ ಕಣೇ, ನಿನ್ನ ಕೈ ಸ್ವಲ್ಪ ಒರಟು," ಎಂದು ನನ್ನನ್ನು ಬಿಟ್ಟ. ನೋಟ್‌ಬುಕ್ ಬಿಡಲಿಲ್ಲ.

ನಿನ್ನೆ ಅಂಚೆಯಲ್ಲಿ ಅವನ ಸಹಿಯಿದ್ದ ಕಾರ್ಡ್ ಬಂತು. "ಪ್ರಿಯ ಟೆಗ್ವೆನ್, ಮೊದಲ ದಿನದಿಂದಲೂ ನೀವು ನಮ್ಮ ಹಾಡು ಕೇಳುತ್ತ ಬಂದಿದ್ದೀರಿ. ನಮ್ಮ ಹೊಸ ಡ್ರಮ್ಮರನ್ನು ನೋಡಲು ತಪ್ಪದೆ ಬನ್ನಿ."

ಆ ದರಿದ್ರದವನು ನನ್ನನ್ನು ಬಹುವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು.