ಮೊದಲ ಕೊಡ

ಕೊಳಾಯಿ ಕಟ್ಟೆಯಲ್ಲಿ ಮೊದಲ ಕೊಡ ಯಾವತ್ತೂ ಸಿದ್ದಮಲ್ಲಪ್ಪನವರ ಮನೆಯದು. ಪಾಳುಬಿದ್ದ ದೊರೆ ಬಂಗಲೆಯಿಂದ ಸೀಸದ ಪೈಪು ಕೀಳಿಸಿ ತಂದು ಟ್ಯಾಂಕಿನಿಂದ ಊರೊಳಕ್ಕೆ ನೀರು ಹರಿಸಿದವರು ಅವರೇ; ಕಟ್ಟೆಯ ಕಲ್ಲಿನ ಮೇಲೆ ಅವರ ಹೆಸರೇ ಇತ್ತು. ಬೇರೆಯವರ ಕೈ ಸೋಕುವ ಮುಂಚೆ, ಕೋಳಿ ಕೂಗುವ ಹೊತ್ತಿಗೆ ಹಿಡಿದ ನೀರು ಲಿಂಗಪೂಜೆಗೆ; ಮಿಕ್ಕಿದ್ದು ಮೊಮ್ಮಗ ಗುರುವಿನ ಗಂಜಿಗೆ. ಕೆಳಗಿನ ಕೇರಿಯ ಪುಟ್ಟನಂಜಮ್ಮನ ಸರದಿ ಬರುವಷ್ಟರಲ್ಲಿ ಬಿಸಿಲು ನೆತ್ತಿಗೇರಿರುತ್ತಿತ್ತು.

ಆ ವರ್ಷ ಗುರು ಹೊಟ್ಟೆ ಹಿಡಿದುಕೊಂಡು ಹೊರಳಾಡತೊಡಗಿದ. ತಾಯಿ ಶಕುಂತಲಮ್ಮ ಅವನನ್ನು ಸೊಂಟಕ್ಕೇರಿಸಿಕೊಂಡು ಚಾಮರಾಜನಗರದ ಬಸ್ಸು ಹತ್ತಿದಳು. ಅಲ್ಲಿನ ಡಾಕ್ಟರು ಮಗುವಿನ ತುಟಿ ಎತ್ತಿ ನೋಡಿದರು. ಒಸಡಿನಂಚಿಗೆ ಕಾಡಿಗೆ ಎಳೆದಂಥ ಗೆರೆ.

"ನಿಮ್ಮೂರ ನೀರಿನ ಪೈಪು ಯಾವುದಮ್ಮ? ಸೀಸದ್ದೇ? ಸೀಸ ವಿಷ. ರಾತ್ರಿಯೆಲ್ಲ ಪೈಪಲ್ಲಿ ನಿಂತ ನೀರಿಗೆ ಇಳಿಯುತ್ತೆ. ಅದನ್ನ ಕಿತ್ತು ಕಬ್ಬಿಣದ್ದು ಹಾಕಿಸಿ. ಅಲ್ಲೀವರೆಗೂ ಬೆಳಗಿನ ಮೊದಲ ನೀರು ಚೆಲ್ಲಿಬಿಟ್ಟು ಆಮೇಲೆ ಹಿಡೀರಿ. ಊರಿಗೆಲ್ಲ ಹೇಳಿ."

ಮನೆಗೆ ಬಂದು ಹೇಳಿದಾಗ ಮಾವ ಸಿದ್ದಮಲ್ಲಪ್ಪ ಎಲೆಯಡಿಕೆ ಉಗಿದು ಬಂದರು. "ಪೈಪ್ ಕಿತ್ರೆ ನನ್ನೆಸ್ರು ಕಿತ್ತಂಗೆ ಕಣವ್ವ. ಊರ್ಗೆ ಇಸ ಕುಡಿಸ್ದೋನು ಅನ್ನುಸ್ಕಳನಾ? ನೀನೇನಾರ ಬಾಯ್ ಬುಟ್ಟೆ, ಮಗೀನ ಇಲ್ಲೇ ಬುಟ್ಟು ತೌರ್ಗೆ ನಡಿ."

"ನೀರ ಚೆಲ್ಲುದ್ರೆ ಗಂಗವ್ವ ಮುನೀತಾಳೆ," ಎಂದರು ಅತ್ತೆ ವಿಶಾಲಾಕ್ಷಮ್ಮ. "ಚೆಲ್ಲದ್ಯಾಕೆ? ಕೆಳಗ್ಲ ಕೇರಿಯೋರೇ ಮೊದ್ಲು ಇಡ್ಕಳ್ಳಿ. ದಿನಾ ಗೋಳಾಡ್ತಿದ್ರಲ್ಲ."

"ಅತ್ತೆ, ಅವ್ರಿಗೂ ಮಕ್ಳವೆ."

"ನಿನ್ ಮಗೀಗಿಂತ ಎಚ್ಚಾ? ಓಗಿ ಕರಿ."

ಶಕುಂತಲಮ್ಮ ಹೋಗಿ, ಮೊದಲ ಕೊಡ ಇನ್ನು ನಿಮ್ಮದೇ ಎಂದು ಕಟ್ಟೆಗೆ ಕರೆತಂದಳು. ಪುಟ್ಟನಂಜಮ್ಮ ಕೊಡ ಹಿಡಿದುಕೊಂಡೇ ನಕ್ಕಳು. "ಏನವ್ವೋರೆ, ಮಾದಪ್ಪ ಕನಸ್ಗೆ ಬಂದು ನಿಮ್ಮತ್ತೇರ ಕಿವಿ ಇಂಡುದ್ನಾ?"

ಶಕುಂತಲಮ್ಮನ ನಾಲಗೆ ತುದಿಗೆ ಮಾತು ಬಂದಿತ್ತು. ಕಟ್ಟೆಯ ಎದುರಿಗೇ ಇದ್ದ ಮನೆಯ ಜಗಲಿಯ ಮೇಲೆ ಅತ್ತೆ ಗುರುವನ್ನು ತೊಡೆಯಲ್ಲಿ ಕೂರಿಸಿಕೊಂಡು ಇತ್ತಲೇ ನೋಡುತ್ತಿದ್ದರು. ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಪುಟ್ಟನಂಜಮ್ಮ ಕೊಳಾಯಿಗೆ ಕುಂಕುಮವಿಟ್ಟು, ಮೊದಲ ಬೊಗಸೆಯನ್ನು ಮಗಳು ಮಾದೇವಿಗೆ ಕುಡಿಸಿದಳು.

ಗುರು ಚೇತರಿಸಿಕೊಂಡ. ಅವನ ಒಸಡಿನ ಗೆರೆ ಮಾಸುತ್ತ ಬಂತು. ಶಕುಂತಲಮ್ಮ ದಿನಾ ಅವನ ತುಟಿ ಎತ್ತಿ ನೋಡುವಳು. ಕೆಳಗಿನ ಕೇರಿಯ ಮಕ್ಕಳು ಎದುರಾದರೆ ಮಾತ್ರ ತಲೆ ತಗ್ಗಿಸುವಳು.

ಅವರೆಕಾಯಿಯ ಕಾಲಕ್ಕೆ ಪುಟ್ಟನಂಜಮ್ಮ ಹಿತ್ತಲ ಬಾಗಿಲಿಗೆ ಬಂದಳು. ಕೈಯಲ್ಲಿ ಹಿತಕಿದ ಅವರೆಬೇಳೆಯ ಕುಕ್ಕೆ. ಸೆರಗು ಹಿಡಿದು ಮಾದೇವಿ, ಕೊರಡಿನಂತೆ ಒಣಗಿ.

"ನಿಮ್ಮನೆಗೇಂತ ತಂದೆ. ನೀವು ಮಾಡಿದ್ ಉಪ್ಕಾರ ಮರಿಯಕ್ಕಾಯ್ತದಾ? ಇವ್ಳ್ಗೆ ಅದೇನೋ ಒಟ್ಟೆ ನೋವು ಕಣವ್ವೋರೆ, ಉಣ್ಣದೇ ಇಲ್ಲ. ಯಾರೂ ಮುಟ್ದೆ ಇರೋ ನೀರು ಒಳ್ಳೇದು ಅಂತ ಅದ್ನೇ ಕುಡುಸ್ತಾವ್ನಿ. ಎಲ್ಲಿ ಮಗ, ಅವ್ವೋರ್ಗೆ ನಗಾಡು."

ಹುಡುಗಿ ನಕ್ಕಿತು. ಒಸಡಿನಂಚಿಗೆ ಕಾಡಿಗೆಯ ಗೆರೆ.

ಶಕುಂತಲಮ್ಮ ಬಾಯಿ ತೆರೆದಳು. ಒಳಗೆ ಗುರು ಅಜ್ಜಿಯೊಡನೆ ಕೇಕೆ ಹಾಕುತ್ತಿದ್ದ.

"ಈ ಅವ್ರೆ ಯಾವ ನೀರಲ್ಲಿ ನೆನ್ಸಿದ್ದೆ?" ಎಂದು ಕೇಳಿದಳು.

"ಮೊದ್ಲ ಕೊಡದ್ದೇ ಅವ್ವೋರೆ! ನಿಮ್ಗೆ ಕೊಡದು, ಎಂಜ್ಲು ನೀರಲ್ಲಿ ನೆನ್ಸಾರಾ?"

ತಾಯಿ ಮಗಳು ತಿರುವಿನಲ್ಲಿ ಮರೆಯಾಗುವ ತನಕ ಶಕುಂತಲಮ್ಮ ಕುಕ್ಕೆ ಹಿಡಿದು ನಿಂತಿದ್ದಳು. ಆಮೇಲೆ ತಿಪ್ಪೆಗೆ ಸುರಿದಳು. ಕಟ್ಟು ಬಿಚ್ಚಿಕೊಂಡಿದ್ದ ಕರು ಅವರೆಗೆ ಮೂತಿ ಇಡಲು ಬಂತು. "ತಿನ್ಬ್ಯಾಡ, ಸತ್ತೋಗ್ತೀಯ!" ಎಂದು ಕೂಗಿ, ಅದನ್ನು ಕೊಟ್ಟಿಗೆಯವರೆಗೂ ಅಟ್ಟಿಕೊಂಡು ಹೋದಳು.