ಪಿನ್ನು ಸಿಕ್ಕಿಸಿದ ಪುಟ

ಮುನ್ನಿಬೀ ಗಾದಿಯ ಒಂದು ತುದಿ ಎತ್ತುವಷ್ಟರಲ್ಲಿ ಭೀಮವ್ವ ಇನ್ನೊಂದು ತುದಿಯ ಕೆಳಗೆ ಕೈ ತೂರಿಸಿ, ಸಿಕ್ಕಿದ್ದನ್ನು ಎಳೆದುಕೊಂಡು ಸೆರಗಿನೊಳಗೆ ಮುಚ್ಚಿದಳು.

"ಏನದು?"

"ಏನಿಲ್ರಿ."

"ಸತ್ತವರ ಗಾದಿ ಕೆಳಗಿಂದು ತಗೋತಿ, ಏನಿಲ್ಲ ಅಂತಿ. ತೋರ್ಸು."

ಭೀಮವ್ವ ಸೆರಗು ಸರಿಸಿದಳು. ರಟ್ಟು ಹರಿದುಹೋದ ಒಂದು ಕಾದಂಬರಿ. ಮೊದಲ ಹಾಳೆಗಳೂ ಇರಲಿಲ್ಲ. ಹಾಗಾಗಿ ಅದಕ್ಕೆ ಹೆಸರೂ ಇಲ್ಲ, ಬರೆದವರೂ ಇಲ್ಲ. ಕೊನೆಗೆ ಇನ್ನು ನಾಲ್ಕಾರು ಹಾಳೆ ಇರುವಾಗ ಒಂದು ಕರಿಯ ಹೇರ್‌ಪಿನ್ನು ಸಿಕ್ಕಿಸಿತ್ತು.

"ದೆವ್ವದ ಪುಸ್ತಕ! ತೌಬಾ." ಮುನ್ನಿಬೀ ಗಾದಿಯನ್ನು ಕೈಬಿಟ್ಟಳು. ಸತ್ತ ಕುಬ್ರಾಬೇಗಂ ಅವಳ ಅಣ್ಣನ ಹೆಂಡತಿ. "ನಡುಮನ್ಯಾಗ ಮಯ್ಯತ್ ಅದ, ಇಲ್ಲಿ ದೆವ್ವದ ಪುಸ್ತಕ. ಸಾವಿರ ಸಲ ಹೇಳೀನಿ ಆಕಿಗಿ, ವಯಸ್ಸಾತು, ಕುರಾನ್ ಓದು ಅಂತ."

"ಅದನ್ನೂ ಓದ್ತಿದ್ದಳ್ರಿ. ಮುಂಜಾನಿ ಅದು, ಮಧ್ಯಾಹ್ನ ಇದು."

"ನಿನಗೇನು ಓದಾಕ ಬರ್ತದ?"

"ಇಲ್ರಿ."

"ಮತ್ತ ಯಾಕ ಬೇಕು?"

ಭೀಮವ್ವ ಪಿನ್ನು ಜಾರದಂತೆ ಪುಸ್ತಕವನ್ನು ಒತ್ತಿ ಹಿಡಿದಳು. ಆ ಪುಸ್ತಕದಲ್ಲಿ ಒಬ್ಬ ಸೊಸೆ ಕಂದೀಲು ಹಿಡಿದು, ಮೇಲಿನ ಕೋಣೆಯ ಬಾಗಿಲ ಬೀಗದೊಳಗೆ ಕೀಲಿಕೈ ತೂರಿಸಿ ನಿಂತಿದ್ದಳು. ಯುಗಾದಿಯಿಂದ ನಿಂತೇ ಇದ್ದಳು. ಬಾಗಿಲು ತೆರೆಯಿತೋ ಇಲ್ಲವೋ ಎಂದು ಹೇಳಬೇಕಾದವಳು ಪಕ್ಕದ ನಡುಮನೆಯಲ್ಲಿ, ಬಿಳಿ ಕಫನ್ನಿನೊಳಗೆ ಮಲಗಿದ್ದಳು.

ಭೀಮವ್ವ ನಡುಮನೆಗೆ ಬಂದು ನುಜ್ಹತಳ ಬೆನ್ನ ಹಿಂದೆ ಕುಳಿತಳು. ಕರ್ಪೂರದ ವಾಸನೆ. ನುಜ್ಹತ ಕುಬ್ರಾಳ ಮಗಳು. ಯಾದಗಿರಿಯ ಗಂಡನ ಮನೆಯಿಂದ ನಸುಕಿನಲ್ಲಿ ಬಂದವಳು.

"ಬೇಟಿ," ಎಂದು ಪಿಸುಗುಟ್ಟಿದಳು ಭೀಮವ್ವ. "ಇದ್ರಾಗ ಕಡೀಕ ಏನಾತು, ಒಂದೀಟು ಓದಿ ಹೇಳ್ತಿ?"

ನುಜ್ಹತ ತಿರುಗಿ ಪುಸ್ತಕ ನೋಡಿದಳು. ಅಮ್ಮ ಇಂಥವನ್ನು ಓದುತ್ತಿದ್ದುದು ಅವಳಿಗೆ ಗೊತ್ತೇ ಇರಲಿಲ್ಲ.

"ಈಗ ಹೆಂಗ ಓದ್ಲಿ ಖಾಲಾ?"

ಭೀಮವ್ವ ನಾಚಿ ಪುಸ್ತಕವನ್ನು ಮಡಿಲಿಗೆ ಎಳೆದುಕೊಂಡಳು.

* * *

ಭೀಮವ್ವನ ಗಂಡ ಕುರಿ ಹಟ್ಟಿಯಲ್ಲಿ ಮಲಗಿದವನು ಮರುದಿನ ಏಳಲಿಲ್ಲ. ಆಮೇಲೆ ಅವಳಿಗೆ ಕತ್ತಲಾದರೆ ಸ್ವಂತ ಮನೆಯ ಬಾಗಿಲೇ ಅಂಜಿಕೆ. ಕುಬ್ರಾ ಅವಳನ್ನು ಮೆಣಸಿನಕಾಯಿ ತೊಟ್ಟು ತೆಗೆಯಲು ಕರೆದಳು. ಶಹಾಪುರದ ವ್ಯಾಪಾರಿ ಚೀಲ ಇಳಿಸಿಹೋಗುತ್ತಿದ್ದ. ಇಬ್ಬರೂ ಎದುರುಬದುರು ಕೂರುತ್ತಿದ್ದರು. ತನ್ನ ಮಗ ನಯೀಮ ಆಟೋದಲ್ಲಿ ರದ್ದಿ ಅಂಗಡಿಯಿಂದ ತಂದ ಪುಸ್ತಕವನ್ನು ಕುಬ್ರಾ ಒಂದು ದಿನ ಮಡಿಲಿನಲ್ಲಿಟ್ಟುಕೊಂಡಳು.

"ನಾ ಓದ್ತೀನಿ. ನನ್ನ ಪಾಲಿನ ತೊಟ್ಟೂ ನೀನ ತೆಗಿ."

"ದೆವ್ವಂದಾ? ಬ್ಯಾಡ ಯಕ್ಕಾ. ನನಗ ಮನ್ಯಾಗಿನ ಅಂಜಿಕಿನ ಸಾಕಾಗ್ಯದ."

"ಮನ್ಯಾಗಿನ ಅಂಜಿಕಿಗಿ ಮುಚ್ಚಳ ಇಲ್ಲ. ಇದಕ್ಕ ಅದ ನೋಡು." ಕುಬ್ರಾ ಪುಸ್ತಕವನ್ನು ಪಟ್ಟನೆ ಮುಚ್ಚಿ ತೋರಿಸಿದಳು.

ಹಾಳುಬಿದ್ದ ಬಂಗ್ಲೆ, ಮುಖ ತೋರಿಸದ ಅತ್ತೆ, ಮೇಲಿನ ಕೋಣೆಯಲ್ಲಿ ಗೆಜ್ಜೆಯ ಸಪ್ಪಳ. ಅತ್ತೆಯ ಮಾತು ಬಂದಾಗಲೆಲ್ಲ ಕುಬ್ರಾ ಮುನ್ನಿಬೀಯ ಧ್ವನಿ ತೆಗೆಯುತ್ತಿದ್ದಳು. ಭೀಮವ್ವ ನಗುತ್ತ ನಗುತ್ತಲೇ ಬೆವರುತ್ತಿದ್ದಳು. ಗೆಜ್ಜೆ ಮೆಟ್ಟಿಲಿಳಿಯತೊಡಗಿದರೆ ಅವಳ ಕೈ ತಾನಾಗಿ ಕುಬ್ರಾಳ ಮೊಣಕಾಲು ಹಿಡಿಯುತ್ತಿತ್ತು.

"ಕೈ ತೆಗೀಯೇ, ಖಾರ ಹತ್ತತದ!"

"ನೀ ಮುಂದ ಓದು. ಆಮ್ಯಾಗ ತೆಗೀತೀನಿ."

ಇಬ್ಬರ ಕಣ್ಣಲ್ಲೂ ನೀರು. ಯಾವುದು ಮೆಣಸಿನಕಾಯಿಯದು, ಯಾವುದು ಬೇರೆಯದು ಎಂದು ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಸಂಜೆ ಪುಸ್ತಕ ಗಾದಿಯ ಕೆಳಗೆ ಹೋಗುತ್ತಿತ್ತು. ಭೀಮವ್ವ ತನ್ನ ಅಂಜಿಕೆಯನ್ನೂ ಅಲ್ಲೇ ಬಿಟ್ಟು ಮನೆಗೆ ಹೋಗಿ ಮಲಗುತ್ತಿದ್ದಳು. ನಿದ್ದೆ ಬರುತ್ತಿತ್ತು.

* * *

ಮಧ್ಯಾಹ್ನದ ಜೋಹರ್ ನಮಾಜಿನ ಹೊತ್ತಿಗೆ ಗಂಡಸರು ಜನಾಜಾ ಹೆಗಲಿಗೇರಿಸಿದರು. ಹೆಂಗಸರು ಹೊಸ್ತಿಲೊಳಗೇ ನಿಂತರು. ನುಜ್ಹತ ಬಾಗಿಲ ಚೌಕಟ್ಟು ಹಿಡಿದು ಕುಸಿಯುವಾಗ ಭೀಮವ್ವ ಅವಳ ರಟ್ಟೆ ಹಿಡಿದಳು.

"ಖಾಲಾ, ಅಮ್ಮಿ ನಿನಗ ಏನರ ಹೇಳಿದ್ದಳಾ? ಬ್ಯಾನಿ ಅದ ಅಂತ?"

"ಇಲ್ಲವ್ವ."

"ನಮಗೂ ಹೇಳಿಲ್ಲ. ಮೊನ್ನಿ ನಯೀಮ ದವಾಖಾನಿ ಚೀಟಿ ನೋಡೀನ ಗೊತ್ತಾಗಿದ್ದು. ಯುಗಾದಿ ಸುತ್ತಮುತ್ತನ ಡಾಕ್ಟರ್ ಆಕಿಗಿ ಎಲ್ಲಾ ಹೇಳಿದ್ರಂತ."

ಯುಗಾದಿ. ಭೀಮವ್ವ ರಟ್ಟೆ ಬಿಡಲಿಲ್ಲ.

* * *

ಕಲಬುರಗಿಯ ಆಸ್ಪತ್ರೆಯಿಂದ ಬಂದ ಮಧ್ಯಾಹ್ನವೂ ಕುಬ್ರಾ ಪುಸ್ತಕ ತೆಗೆದಿದ್ದಳು.

"ಡಾಕ್ಟರ್ ಏನಂದ್ರು?"

"ಗ್ಯಾಸ್ ಅಂದ್ರು. ಕೇಳು ಸುಮ್ಮ."

ಅರ್ಧ ಪುಟ ಓದಿದಳು. ಸೊಸೆ ಬೀಗದೊಳಗೆ ಕೀಲಿಕೈ ತೂರಿಸಿದಳು. ಕುಬ್ರಾ ತಲೆಯಿಂದ ಪಿನ್ನು ತೆಗೆದು ಅಲ್ಲಿ ಸಿಕ್ಕಿಸಿದಳು.

"ಹಿಂದಿಂದು ನೆನಪದ ಏನು ನಿನಗ? ಸೊಸಿ ಬಂಗ್ಲೆಕ್ಕ ಮೊದಲ ಬಂದಿದ್ದು?"

"ಅದ."

"ಇಲ್ಲ, ನಿನಗ ನೆನಪಿಲ್ಲ." ಮತ್ತೆ ಮೊದಲಿಂದ ಓದತೊಡಗಿದಳು.

ಮರುದಿನವೂ ಅಷ್ಟೇ. ಸೊಸೆ ಮತ್ತೆ ಮತ್ತೆ ಎತ್ತಿನ ಗಾಡಿಯಿಂದ ಇಳಿದಳು, ಅತ್ತೆ ಮತ್ತೆ ಮತ್ತೆ ಮುನ್ನಿಬೀಯ ಧ್ವನಿಯಲ್ಲಿ ಬೈದಳು. ಕುಬ್ರಾಳ ಧ್ವನಿ ಸಣ್ಣದಾಗುತ್ತ ಹೋಯಿತು. ಭೀಮವ್ವನಿಗೆ ಅಕ್ಷರ ಗೊತ್ತಿರಲಿಲ್ಲ, ಪಿನ್ನು ಕಾಣುತ್ತಿತ್ತು. ಅದು ಇದ್ದಲ್ಲೇ ಇತ್ತು. ಅವಳು ತೊಟ್ಟು ತೆಗೆಯುತ್ತಲೇ ಇದ್ದಳು.

* * *

ಗಂಡಸರು ಮಣ್ಣು ಕೊಟ್ಟು ಬಂದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಭೀಮವ್ವ ತನ್ನ ಮನೆಯಿಂದ ರೊಟ್ಟಿ, ಬ್ಯಾಳಿ ತಂದಿದ್ದಳು. ಮುನ್ನಿಬೀ ಒಂದು ರೊಟ್ಟಿ ಮುರಿದು, ತಿನ್ನದೆ, ಹಾಗೇ ಹಿಡಿದು ಕುಳಿತಿದ್ದಳು.

ನಯೀಮ ಕಾಲು ತೊಳೆದು ಒಳಗೆ ಬಂದವನು ಭೀಮವ್ವನ ಮಡಿಲು ನೋಡಿದ.

"ಇದಿನ್ನ ಇಲ್ಲೇ ಅದ? ಇದನ್ನ ತಂದ ವಾರದಾಗ ಅಮ್ಮಿ ಪೂರಾ ಓದಿ ಮುಗಿಸಿದ್ದಳು. ಊಟಕ್ಕ ಕರೆದ್ರ ಬರ್ತಿದ್ದಿಲ್ಲ."

ಭೀಮವ್ವ ತಲೆ ಎತ್ತಿದಳು. "ಮುಗಿಸಿದ್ದಳಾ?"

"ಹೂಂ. ಬ್ಯಾರೆ ತರ್ಲೇನು ಅಂದ್ರ, ಬ್ಯಾಡ, ಭೀಮವ್ವಂದು ಇನ್ನ ಮುಗಿದಿಲ್ಲ ಅಂತಿದ್ದಳು. ಹೋದ ವಾರನೂ ಕೇಳೀನಿ. ಅದೇ ಮಾತು."

"ಕಡೀಕ ಏನಾತು ಅಂತ ನಿನಗರ ಹೇಳಿದಳೇನಪಾ?"

"ಇಲ್ಲ. ನಗ್ತಿದ್ದಳು ಅಷ್ಟ."

ಮುನ್ನಿಬೀ ಗೋಡೆ ಕಡೆ ಮುಖ ಮಾಡಿ, "ಓದ್ರಿ ಯಾರರ," ಎಂದಳು. "ಮುಂಜಾನಿಂದ ಹಿಡ್ಕೊಂಡು ಕುಂತಾಳ ಪಾಪ."

ನುಜ್ಹತ ಕಣ್ಣೊರೆಸಿಕೊಂಡು ಹತ್ತಿರ ಸರಿದು, ಪುಸ್ತಕ ತೆಗೆದುಕೊಂಡು, ಪಿನ್ನು ಇದ್ದಲ್ಲಿ ಬಿಡಿಸಿ ಕಣ್ಣಾಡಿಸಿದಳು. ಹಾಳೆಗಳಿಂದ ಮೆಣಸಿನಕಾಯಿಯ ಘಾಟು ಎದ್ದು ಅವಳ ಕಣ್ಣಲ್ಲಿ ಮತ್ತೆ ನೀರು ತುಂಬಿತು.

"ನಾಕಾರು ಹಾಳಿ ಅದಾವ ಖಾಲಾ. ಕುಂದ್ರು, ಓದಿ ಹೇಳ್ತೀನಿ. ಬಾಗಲಾ ತೆಗೀತಾಳೋ ಇಲ್ಲೋ ಗೊತ್ತಾಗ್ತದ."

ಭೀಮವ್ವ ಪುಸ್ತಕವನ್ನು ಅವಳ ಕೈಯಿಂದ ತೆಗೆದುಕೊಂಡಳು. ಪಿನ್ನನ್ನು ಅದೇ ಹಾಳೆಗೆ ಸಿಕ್ಕಿಸಿ ಮುಚ್ಚಿದಳು. ಎದ್ದುಹೋಗಿ, ಗಾದಿ ಇದ್ದ ಜಾಗದ ತಣ್ಣನೆಯ ಪರ್ಸಿಕಲ್ಲಿನ ಮೇಲೆ ಅದನ್ನಿಟ್ಟು, ಬಾಗಿಲು ತೆರೆಯದಂತೆ ಒತ್ತಿ ಹಿಡಿದವಳ ಹಾಗೆ ಎರಡೂ ಅಂಗೈ ಅದರ ಮೇಲೆ ಊರಿ ಕುಳಿತಳು.

"ಬ್ಯಾಡ. ನಂದು ಇನ್ನ ಮುಗಿದಿಲ್ಲ," ಎಂದಳು.