ಆದು ಮಾವನ ಓರೆ ಗುಣಿ

ಆದು ಮಾವ ನಡೆಯುವಾಗ ನೆಲವನ್ನು ನಂಬುತ್ತಿರಲಿಲ್ಲ. ಬೂಟಿನ ತುದಿಯಿಂದ ಒಮ್ಮೆ ಒತ್ತಿ ನೋಡಿ, ಆಮೇಲೆ ಹೆಜ್ಜೆ ಊರುತ್ತಿದ್ದ. ಚರ್ಚಿನ ಹಲಗೆ ಹಾಸಿದ ನೆಲದ ಮೇಲೂ ಅದೇ ನಡಿಗೆ. ಯಾವುದೋ ಪುರಾತನ ಕಾಲದಲ್ಲಿ ಕರಗಿಹೋದ ಹಿಮರಾಶಿ ತಾನು ಹೊತ್ತು ತಂದ ಬಂಡೆಗಳನ್ನೆಲ್ಲ ನಮ್ಮ ಎಸ್ತೋನಿಯದ ತಗ್ಗುನಾಡಿನ ಉದ್ದುದ್ದ ದಿಣ್ಣೆಗಳಲ್ಲಿ ಹುದುಗಿಸಿ ಹೋಗಿದೆ; ಪ್ರತಿ ವಸಂತದಲ್ಲೂ ಹೆಪ್ಪುಗಟ್ಟಿದ ಮಣ್ಣು ಸಡಿಲುವಾಗ ಹೊಲದ ತುಂಬ ಹೊಸ ಕಲ್ಲುಗಳು ತಲೆಯೆತ್ತುತ್ತವೆ. ನಾವೆಲ್ಲ ಬೈಯುತ್ತ ಅವನ್ನು ಆರಿಸಿ ಬದುವಿಗೆ ಒಟ್ಟುತ್ತೇವೆ. ಮಾವ ಮಾತ್ರ ಬೈದದ್ದನ್ನು ನಾನು ಕೇಳಿಲ್ಲ.

ಊರಲ್ಲಿ ಸತ್ತವರಿಗೆಲ್ಲ ಗುಣಿ ತೋಡುವವನು ಅವನೇ. ಬಂಡೆ ಅಡ್ಡ ಬಂದರೆ ನೆರೆಯೂರಿನವರು ಗುಣಿಯನ್ನೇ ಕೊಂಚ ಓರೆ ಮಾಡುತ್ತಾರೆ. ಮಾವ ಒಳಗೆ ಬೆಂಕಿ ಹಾಕಿ, ಕಾದ ಬಂಡೆಗೆ ತಣ್ಣೀರು ಸುರಿದು, ಸೀಳಿ ತೆಗೆಯುತ್ತಿದ್ದ. ಮೃತರು ಪೂರ್ವಾಭಿಮುಖವಾಗಿ ನೆಟ್ಟಗೆ ಮಲಗಬೇಕೆಂಬುದು ಅವನ ಹಟ. ಅಜ್ಜಿ ಸತ್ತಾಗ ಆತುರಪಡಿಸಿದ ನಮ್ಮಪ್ಪನನ್ನೇ ಗದರಿದ್ದ: "ಲೋಕದ ಕಡೇ ದಿನ ಸತ್ತವರೆಲ್ಲ ಎದ್ದು ಕೂತಾಗ ನಿಮ್ಮಮ್ಮಂಗೆ ಎದುರಿಗೆ ಬೆಳಕು ಕಾಣ್ಬೇಕೋ, ನಿನ್ನ ಹಂದಿದೊಡ್ಡಿ ಕಾಣ್ಬೇಕೋ?" ಅಪ್ಪ ಸೌದೆ ತರಲು ಹೋದ.

ಅವನ ಹೆಂಡತಿ ಹೆಲ್ಮಿ ಅತ್ತೆ ರೈ ಧಾನ್ಯದ ಕೊಯ್ಲಿನ ಹೊತ್ತಿಗೆ ತೀರಿಕೊಂಡಳು. ಎಳವೆಯಲ್ಲೇ ಗಂಟಲುಬೇನೆ ಬಂದು ಸತ್ತ ಮಗಳು ಲೈನೆಯ ಪಕ್ಕದಲ್ಲಿ ತನ್ನನ್ನು ಮಲಗಿಸಬೇಕೆಂದು ಕೇಳಿಕೊಂಡಿದ್ದಳು. ಬದುಕಿನಲ್ಲಿ ಬೇರೇನನ್ನೂ ಕೇಳಿದವಳಲ್ಲ. ಸೊಂಟದಾಳಕ್ಕೆ ಅಗೆಯುವಷ್ಟರಲ್ಲಿ ಬಂಡೆ ಸಿಕ್ಕಿತು. ಬೂದುಬಣ್ಣದ್ದು, ಹಸುವಿನ ಬೆನ್ನಿನಂಥದು, ಮಗುವಿನ ಗುಣಿಯ ಅಡಿಗೂ ಚಾಚಿಕೊಂಡಿತ್ತು.

"ಸೌದೆ ತರ್ಲಾ ಮಾವ?" ಎಂದೆ.

"ಬೇಡ. ಸೀಳಿದ್ರೆ ಮಗು ಅಲುಗುತ್ತೆ."

"ಆ ಮೂಲೇಲಿ ಒಳ್ಳೇ ಮರಳುನೆಲ ಇದೆಯಲ್ಲ ಆದು, ಅಲ್ಲಾದ್ರೆ ನೆಟ್ಟಗೆ ತೋಡಬಹುದು," ಎಂದರು ಪಾದ್ರಿಗಳು.

"ಅಲ್ಲಿ ಅವಳಿಗೆ ಯಾರಿದಾರೆ, ಸ್ವಾಮಿ?"

ಬಹಳ ಹೊತ್ತು ಅವನು ಬಂಡೆಯ ಮೇಲೆಯೇ ಕೂತಿದ್ದ. ಆಮೇಲೆ ಎದ್ದು, ಅದರ ಅಂಚನ್ನೇ ಅನುಸರಿಸಿ, ಜೀವಮಾನದಲ್ಲಿ ಯಾರಿಗೂ ತೋಡದಿದ್ದ ಓರೆ ಗುಣಿಯನ್ನು ಹೆಂಡತಿಗೆ ತೋಡಿದ. ಅತ್ತೆಯನ್ನು ಇಳಿಸಿದಾಗ ಅವಳ ತಲೆ ಮಗಳ ತಲೆಯ ಹತ್ತಿರ ಬಂತು. ಮುಖ ಉತ್ತರದ ಕೆರೆಯ ಕಡೆಗಾಯಿತು. "ಈಗೆಲ್ಲಿ ಹೋಯ್ತಪ್ಪ ಬೆಳಕು?" ಎಂದು ಹಿಂದೆ ಯಾರೋ ಗೊಣಗಿದರು. ಮಾವನಿಗೆ ಕೇಳಿಸಿತು, ಗುದ್ದಲಿ ಎತ್ತಿಕೊಂಡು ಮಣ್ಣು ಎಳೆಯತೊಡಗಿದ. ನನಗೆ ಅಳು ತಡೆಯಲಾಗಲಿಲ್ಲ.

ಹಟಮಾರಿಗಳನ್ನು ಕಂಡರೆ ನನಗೀಗ ಮೊದಲಿನ ಬೇಸರವಿಲ್ಲ. ಎಂಥ ಬಂಡೆಯನ್ನೂ ಸೀಳಬಲ್ಲ ಜನ ಅವರು. ಆದರೆ ಅದರ ಮೇಲೆ ತಮ್ಮದೊಂದು ಜೀವ ಮಲಗಿದೆಯೆಂದು ತಿಳಿದರೆ, ಅಷ್ಟು ಕಾಲ ನಂಬಿದ್ದನ್ನೇ ಬಿಟ್ಟುಕೊಡುತ್ತಾರೆ, ಮತ್ತು ಬಿಟ್ಟುಕೊಟ್ಟದ್ದು ಎಷ್ಟೆಂದು ಯಾರಿಗೂ ಹೇಳುವುದಿಲ್ಲ.